ಪ್ರಬಂಧ ತಡವಾಗುವುದು ಎಲ್ಲಿ? ನಮ್ಮ ಪತ್ರಿಕೆಯ ದಿನಾಂಕಗಳನ್ನು ಕೂಡಿ ಕಳೆದಾಗ

ನಮ್ಮದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರುವ ಸಮಾಜವಿಜ್ಞಾನದ ತ್ರೈಮಾಸಿಕ. ಸಂಪಾದಕ ಮಂಡಳಿ ಸೇರಿದಾಗಲೆಲ್ಲ ಮಾತು ಇಂಪ್ಯಾಕ್ಟ್ ಫ್ಯಾಕ್ಟರ್ ಕಡೆಗೇ ಹೊರಳುತ್ತಿತ್ತು. ಹಿಂದಿನ ಎರಡು ವರ್ಷಗಳ ಪ್ರಬಂಧಗಳಿಗೆ ಈ ವರ್ಷ ಸಿಕ್ಕ ಉಲ್ಲೇಖಗಳ ಸರಾಸರಿ ಅದು. ಸಂಚಿಕೆಗೆ ಏಳೆಂಟು ಪ್ರಬಂಧ ಹಾಕುವ ಪತ್ರಿಕೆಯಲ್ಲಿ ಒಂದನ್ನೇ ಹೆಚ್ಚು ಜನ ಉಲ್ಲೇಖಿಸಿದರೂ ಅಂಕಿ ಜಿಗಿಯುತ್ತದೆ. "ಸರ್, ಕಳಿಸಿ ವರ್ಷವಾಯ್ತು, ನನ್ನ ಪ್ರಬಂಧ ಎಲ್ಲಿದೆ?" ಎಂದು ಕೇಳುವ ಲೇಖಕರಿಗೆ ಅದರಲ್ಲಿ ಉತ್ತರವಿಲ್ಲ.

ನಾವು ಬಳಸುವ ಪತ್ರಿಕಾ ನಿರ್ವಹಣೆಯ ತಂತ್ರಾಂಶ ಓಪನ್ ಜರ್ನಲ್ ಸಿಸ್ಟಮ್ಸ್‌ನಲ್ಲಿ ಪ್ರಬಂಧ ಬಂದ ದಿನ, ಪರಿಶೀಲಕರಿಗೆ (ಪ್ರಬಂಧ ಓದಿ ಅಭಿಪ್ರಾಯ ಬರೆಯುವ ವಿಷಯತಜ್ಞರಿಗೆ) ಹೋದ ದಿನ, ವರದಿ ಬಂದ ದಿನ, ತೀರ್ಮಾನದ ದಿನ ಎಲ್ಲವೂ ತಾನಾಗಿ ದಾಖಲಾಗುತ್ತವೆ. ಅವನ್ನು ಎಕ್ಸೆಲ್‌ಗೆ ಇಳಿಸಿಕೊಂಡು ಒಂದೊಂದು ಹಂತಕ್ಕೆ ಹಿಡಿದ ದಿನಗಳನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿದೆ. ಸರಾಸರಿಯ ಬದಲು ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ, ತೆಗೆದೆ. ಎಲ್ಲೋ ಸಿಕ್ಕಿಬಿದ್ದ ಒಂದೇ ಪ್ರಬಂಧ ಸಾಕು, ಸರಾಸರಿ ಕೆಡಲು.

ಪರಿಶೀಲಕರೇ ತಡಮಾಡುತ್ತಾರೆ ಎಂಬುದು ಮಂಡಳಿಯಲ್ಲಿ ಎಲ್ಲರ ಬಾಯಲ್ಲಿದ್ದ ಮಾತು. ದಿನಾಂಕಗಳು ಬೇರೆಯೇ ಹೇಳಿದವು. ಒಪ್ಪಿಕೊಂಡವರು ಬಹುಪಾಲು ಗಡುವಿನ ಆಸುಪಾಸಿನಲ್ಲೇ ವರದಿ ಕೊಟ್ಟಿದ್ದರು. ಸಮಯ ಹೋಗುತ್ತಿದ್ದದ್ದು ಒಪ್ಪುವವರನ್ನು ಹುಡುಕುವುದರಲ್ಲಿ. ಅವೇ ಕೆಲವು ಹಿರಿಯ ಹೆಸರುಗಳಿಗೆ ಮೇಲಿಂದ ಮೇಲೆ ಪತ್ರ, ಅವರು ಆಗದು ಎಂದ ಮೇಲೆ ಇನ್ನೊಬ್ಬರಿಗೆ. ಒಬ್ಬರಿಗೆ ವರ್ಷಕ್ಕೆ ಎರಡಕ್ಕಿಂತ ಹೆಚ್ಚು ಪ್ರಬಂಧ ಬೇಡ ಎಂದು ಗೊತ್ತುಮಾಡಿದೆವು. ಮೊದಲು ನಮ್ಮಲ್ಲಿ ಬರೆದಿದ್ದ, ಪಿಎಚ್.ಡಿ. ಮುಗಿಸಿದ ಕಿರಿಯರನ್ನೂ ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜು ಅಧ್ಯಾಪಕರನ್ನೂ ಪಟ್ಟಿಗೆ ಸೇರಿಸಿದೆವು. ಅವರು ಸಾಲುಸಾಲಾಗಿ ಓದಿ ಬರೆದ ವರದಿಗಳು ನನಗೆ ತುಂಬ ಸಂತೋಷ ಕೊಟ್ಟಿವೆ.

ಇಲ್ಲೊಂದು ಎಚ್ಚರ ಬೇಕು. ಎಲ್ಲರಿಗೂ ಉಚಿತವಾಗಿ ಓದಲು ಸಿಗುವ ಪತ್ರಿಕೆಗಳ ಅಂತರರಾಷ್ಟ್ರೀಯ ಪಟ್ಟಿಯಾದ ಡೈರೆಕ್ಟರಿ ಆಫ್ ಓಪನ್ ಆಕ್ಸೆಸ್ ಜರ್ನಲ್ಸ್ ನಿಯಮದಂತೆ ಸಂಪಾದಕರು, ಮಂಡಳಿ ಸದಸ್ಯರು ಅಥವಾ ಪರಿಶೀಲಕರು ಬರೆದ ಪ್ರಬಂಧಗಳು ಇತ್ತೀಚಿನ ಎರಡು ಸಂಚಿಕೆಗಳಲ್ಲಿ ಯಾವುದರಲ್ಲೂ ಶೇ. 25 ಮೀರಬಾರದು. ಹೊಸ ಪರಿಶೀಲಕರು ಮತ್ತೆ ಇಲ್ಲೇ ಬರೆದರೆ ಈ ಪಾಲು ಏರುತ್ತದೆ. ಸಂಚಿಕೆ ಅಂತಿಮವಾಗುವ ಮೊದಲು ಹೆಸರುಗಳನ್ನು ತಾಳೆ ನೋಡುತ್ತೇನೆ.

ಕನ್ನಡ ಪ್ರಬಂಧಗಳ ಕಷ್ಟವೇ ಬೇರೆ. ಹಳೆಯ ಸಂಚಿಕೆಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ ಪದ್ಧತಿ) ಅಲ್ಲದ ನುಡಿ ಫಾಂಟಿನಲ್ಲಿವೆ. ಪಿಡಿಎಫ್‌ನಿಂದ ಪಠ್ಯ ತೆಗೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಹುಡುಕಿದರೆ ಸಿಗುವುದಿಲ್ಲ, ಉಲ್ಲೇಖದ ಲೆಕ್ಕಕ್ಕೂ ಸೇರುವುದಿಲ್ಲ. ಶೀರ್ಷಿಕೆ, ಸಾರಾಂಶ, ಉಲ್ಲೇಖಪಟ್ಟಿಗಳನ್ನು ಯೂನಿಕೋಡ್‌ಗೆ ಬದಲಿಸಿ, ಕೆಟ್ಟ ಒತ್ತಕ್ಷರಗಳನ್ನು ಕೈಯಿಂದ ತಿದ್ದಿ, ಡಿಒಐ (ಪ್ರತಿ ಪ್ರಬಂಧಕ್ಕೂ ಕೊಡುವ ಶಾಶ್ವತ ಗುರುತು ಸಂಖ್ಯೆ) ಜೊತೆ, ಅದನ್ನು ನೋಂದಾಯಿಸುವ ಸಂಸ್ಥೆಯಾದ ಕ್ರಾಸ್‌ರೆಫ್‌ಗೆ ಸಲ್ಲಿಸುತ್ತಿದ್ದೇವೆ. ಜಾನಪದ ಕ್ಷೇತ್ರಕಾರ್ಯದ ಬರಹಗಳಿಗೆ ಮೊದಲ ಸರದಿ, ಏಕೆಂದರೆ ಅವುಗಳಲ್ಲಿ ಹಲವು ಬೇರೆಲ್ಲೂ ಅಚ್ಚಾಗಿಲ್ಲ.