ಗಡಿರೇಖೆ ಎಳೆಯಲು ಮೌಸೋ, ಪೆನ್ನೋ: ವಿಕಿರಣ ಚಿಕಿತ್ಸೆಯ ಯೋಜಕರಿಗೆ

ತೀರ್ಥಹಳ್ಳಿ, ಸಾಗರ, ಹೊಸನಗರಗಳಿಂದ ಶಿವಮೊಗ್ಗಕ್ಕೆ ಬರುವ ಬಾಯಿ, ಗಂಟಲ ಕ್ಯಾನ್ಸರ್ ರೋಗಿಗೆ ವಿಕಿರಣ ಚಿಕಿತ್ಸೆಯನ್ನು ಯೋಜಿಸುವಾಗ, ಸುಮಾರು 3 ಮಿ.ಮೀ. ಅಂತರದ ಹತ್ತಾರು ಸಿಟಿ ಚಿತ್ರಗಳಲ್ಲಿ ಗೆಡ್ಡೆ, ಬೆನ್ನುಹುರಿ ಮತ್ತು ಜೊಲ್ಲುಗ್ರಂಥಿಗಳ ಗಡಿಯನ್ನು ಗುರುತಿಸಬೇಕಾಗುತ್ತದೆ. ಕೈಯಲ್ಲಿರುವ ಸಾಧನ ಯಾವುದೆಂಬುದು ಇಲ್ಲಿ ಸಣ್ಣ ವಿಷಯವಲ್ಲ.

ಮೊದಲು ಮೃದು ಅಂಗಾಂಶಕ್ಕೆ ವಿಂಡೋ (ಸಿಟಿ ಚಿತ್ರದಲ್ಲಿ ಬೂದು ಛಾಯೆಗಳಾಗಿ ಕಾಣುವ ಸಾಂದ್ರತೆಯ ವ್ಯಾಪ್ತಿ) ಅಗಲವನ್ನು 400, ಅದರ ನಡುಮಟ್ಟವನ್ನು 40ರ ಆಸುಪಾಸಿಗೆ ತನ್ನಿ. ಅದು ತಪ್ಪಿದರೆ ಎಂಥ ಸಾಧನವೂ ಸರಿಯಾದ ಗಡಿಯನ್ನು ಕೊಡಲಾರದು. ಮೌಸ್ ಕೈಯ ಚಲನೆಯನ್ನಷ್ಟೇ ತಿಳಿಸುತ್ತದೆ; ಪೆನ್ ಟ್ಯಾಬ್ಲೆಟ್‌ನಲ್ಲಾದರೋ ಫಲಕದ ಪ್ರತಿ ಬಿಂದುವಿಗೂ ತೆರೆಯ ಮೇಲೆ ನಿಶ್ಚಿತ ಸ್ಥಾನವಿರುವುದರಿಂದ, ಬಾಗಿದ ರೇಖೆಯನ್ನು ಒಂದೇ ಎಳೆತದಲ್ಲಿ ಎಳೆಯಲು ಅದು ಚೆನ್ನಾಗಿ ಒಗ್ಗುತ್ತದೆ. ಬಿಂದುಗಳನ್ನು ಒಂದೊಂದಾಗಿ ಸೇರಿಸಲು, ಚಕ್ರ ತಿರುಗಿಸಿ ಚಿತ್ರದಿಂದ ಚಿತ್ರಕ್ಕೆ ಸಾಗಲು ಮೌಸ್ ಅನುಕೂಲ. ಫಲಕದ ಉದ್ದಗಲಗಳ ಅನುಪಾತವನ್ನು ತೆರೆಗೆ ಹೊಂದಿಸದಿದ್ದರೆ ಕೈ ಬರೆದ ವೃತ್ತ ತೆರೆಯಲ್ಲಿ ಮೊಟ್ಟೆಯಾಕಾರವಾಗುತ್ತದೆ. ಟಚ್‌ಪ್ಯಾಡ್ ಈ ಕೆಲಸಕ್ಕೆ ಬೇಡವೆಂದೇ ನನ್ನ ಸಲಹೆ.

ಆಷಾಢದ ತೇವಕ್ಕೆ ಅಂಗೈ ಫಲಕಕ್ಕೆ ಅಂಟಿ ರೇಖೆ ಅದುರುವುದುಂಟು. ಕಿರುಬೆರಳ ಬದಿಯನ್ನು ಮುಚ್ಚುವ ತೆಳುವಾದ ಕೈಗವಸು ಧರಿಸಿರಿ.

ಸಾಧನವನ್ನು ಬದಲಿಸುವ ಮುನ್ನ, ಹೆಸರು ತೆಗೆದ ಹಳೆಯ ಚಿತ್ರಗಳಲ್ಲಿ ಒಂದೇ ಗ್ರಂಥಿಯನ್ನು ಎರಡೂ ಸಾಧನಗಳಿಂದ, ಕೆಲವು ದಿನಗಳ ಅಂತರದಲ್ಲಿ ಗುರುತಿಸಿ, ಹಿಡಿದ ಸಮಯವನ್ನೂ, ಎರಡು ಗುರುತುಗಳು ಎಷ್ಟರ ಮಟ್ಟಿಗೆ ಒಂದರ ಮೇಲೊಂದು ಹೊಂದುತ್ತವೆಂದು ತಿಳಿಸುವ ಡೈಸ್ ಸೂಚ್ಯಂಕವನ್ನೂ ಬರೆದಿಡಿ. ಸೂಚ್ಯಂಕ 1 ಎಂದರೆ ಪೂರ್ಣ ಹೊಂದಾಣಿಕೆ. ಬೆನ್ನುಹುರಿಯಂಥ ತೆಳು ಅಂಗದಲ್ಲಿ ರೇಖೆ ತುಸು ಸರಿದರೂ ಈ ಸೂಚ್ಯಂಕ ಬೇಗ ಇಳಿಯುವುದರಿಂದ, ಎರಡು ಗಡಿಗಳ ನಡುವಿನ ಗರಿಷ್ಠ ಅಂತರವನ್ನೂ ಮಿ.ಮೀ.ನಲ್ಲಿ ಅಳೆಯಿರಿ.