ಸಣ್ಣ ಬಂಡವಾಳದ ವ್ಯಾಪಾರ ಡೈರೆಕ್ಟರಿ: ಮೊದಲು ಶೀಟ್, ಆಮೇಲೆ ಸೈಟ್

ಸ್ಥಳೀಯ ಅಂಗಡಿ, ರಿಪೇರಿಯವರು, ಕ್ಲಿನಿಕ್‌ಗಳ ಡೈರೆಕ್ಟರಿ ಸೋಲುವುದು ಸಾಮಾನ್ಯವಾಗಿ ಸಾಫ್ಟ್‌ವೇರಿನಿಂದಲ್ಲ, ಹಳಸಿದ ಮಾಹಿತಿಯಿಂದ. ಒಬ್ಬ ಓದುಗ ಎರಡು ಸಲ ಕರೆ ಮಾಡಿ ಎರಡೂ ನಂಬರ್ ಚಾಲ್ತಿಯಲ್ಲಿ ಇಲ್ಲವೆಂದರೆ ಮತ್ತೆ ಬರುವುದಿಲ್ಲ. ಆದ್ದರಿಂದ ಇರುವಷ್ಟು ಸಮಯವನ್ನೆಲ್ಲ ನಾನು ಸುರಿದದ್ದು ಒಂದು ಗೂಗಲ್ ಶೀಟಿಗೆ.

ಸಾಲಿಗೊಂದು ವ್ಯಾಪಾರ. ಹೆಸರು, ವರ್ಗ, ವಿಳಾಸ, ಹತ್ತಿರದ ಗುರುತು, ಫೋನ್, ತೆರೆದಿರುವ ವೇಳೆ, ವಾರದ ರಜೆ, ಅಕ್ಷಾಂಶ, ರೇಖಾಂಶ, ಕೊನೆಗೆ ಪರಿಶೀಲಿಸಿದ ದಿನಾಂಕ. ಆ ಕೊನೆಯ ಕಾಲಂ ಇಲ್ಲದ ಶೀಟ್ ಆರು ತಿಂಗಳಲ್ಲಿ ಕೆಲಸಕ್ಕೆ ಬಾರದು. ಫೋನ್ ಕಾಲಮನ್ನು ನಂಬರ್ ತುಂಬುವ ಮೊದಲೇ 'ಪ್ಲೇನ್ ಟೆಕ್ಸ್ಟ್' ಮಾಡಿಡಿ, ಇಲ್ಲದಿದ್ದರೆ ಮುಂದಿನ ಸೊನ್ನೆ ಹಾರಿಹೋಗುತ್ತದೆ. ಒಂದೇ ಅಂಗಡಿ ಎರಡು ಸಲ ಸೇರಿದೆಯೇ ಎಂದು ಹೆಸರಿನಿಂದ ಹುಡುಕಬೇಡಿ, ಕಾಗುಣಿತ ನೂರು ಬಗೆ. ಫೋನ್ ಮತ್ತು ವಿಳಾಸ ಎರಡನ್ನೂ ಸೇರಿಸಿ ನೋಡಿ. ಒಬ್ಬರೇ ಮಾಲೀಕರ ಎರಡು ಅಂಗಡಿಗೆ ಒಂದೇ ನಂಬರ್ ಇರಬಹುದು.

ಅಕ್ಷಾಂಶ-ರೇಖಾಂಶಕ್ಕೆ ಐದು ದಶಮಾಂಶ ಸ್ಥಾನ ಸಾಕು, ಸುಮಾರು ಒಂದು ಮೀಟರ್ ನಿಖರತೆ ಸಿಗುತ್ತದೆ. ನಕ್ಷೆಯ ಪಿನ್‌ಗಳು ಸಮುದ್ರದಲ್ಲಿ ಬಿದ್ದರೆ ಗಾಬರಿ ಬೇಡ, ಎರಡರ ಕ್ರಮ ಅದಲುಬದಲಾಗಿರುತ್ತದೆ: ನಕ್ಷೆಯ ಮಾಹಿತಿ ಇಡುವ ಫೈಲ್ ಮಾದರಿ ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ಸೈಟಿನಲ್ಲಿ ನಕ್ಷೆ ತೋರಿಸುವ ಸಾಧನ ಲೀಫ್ಲೆಟ್‌ನಲ್ಲಿ ಅಕ್ಷಾಂಶ ಮೊದಲು.

ಗೂಗಲ್ ಮ್ಯಾಪ್ಸ್‌ನಿಂದ ಮಾಹಿತಿ ಸಗಟಾಗಿ ಎತ್ತುವುದು ಅದರ ಷರತ್ತಿಗೆ ವಿರುದ್ಧ. ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಕಟ್ಟಿದ ಮುಕ್ತ ನಕ್ಷೆ) ಬಳಸಬಹುದು, ಆದರೆ ಅದರ ಹೆಸರು ಹಾಕಲೇಬೇಕು. ವಿಳಾಸದಿಂದ ಅಕ್ಷಾಂಶ-ರೇಖಾಂಶ ಹುಡುಕಿಕೊಡುವ ಅದರ ಉಚಿತ ನಾಮಿನಾಟಿಮ್ ಸೇವೆಗೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ವಿನಂತಿ ಕಳಿಸುವಂತಿಲ್ಲ. ಉಳಿದದ್ದಕ್ಕೆ ಕಾಲ್ನಡಿಗೆ ಮತ್ತು ಫೋನ್. ಮಾಲೀಕರ ಸ್ವಂತ ಮೊಬೈಲ್ ನಂಬರನ್ನು ಅವರ ಒಪ್ಪಿಗೆ ಕೇಳಿಯೇ ಹಾಕಿ.

ಒಂದೇ ಪ್ರದೇಶ, ಐದಾರು ವರ್ಗ, ಪ್ರತಿಯೊಂದರಲ್ಲೂ ಇಪ್ಪತ್ತರಷ್ಟು ಹೆಸರು ತುಂಬಿದ ಮೇಲೆ ಸೈಟ್ ತೆರೆಯಿರಿ. ತುರ್ತಿಗೆ ಬೇಕಾದವರನ್ನು ಮೊದಲು ಹಿಡಿಯಿರಿ: ಪ್ಲಂಬರ್, ಎಲೆಕ್ಟ್ರಿಷಿಯನ್, ಪಂಕ್ಚರ್ ಹಾಕುವವರು. ಐದು ಹೆಸರೂ ಇಲ್ಲದ ವರ್ಗದ ಪುಟವನ್ನು 'ನೋಇಂಡೆಕ್ಸ್' (ಸರ್ಚ್ ಎಂಜಿನ್ ತೋರಿಸದಂತೆ) ಮಾಡಿಡಿ.

ಕೆಲವು ನೂರು ನಮೂದುಗಳಿಗೆ ಡೇಟಾಬೇಸ್ ಬೇಡ. ಶೀಟನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ ಫೈಲ್) ಮಾಡಿ ಇಳಿಸಿ, ಸಣ್ಣ ಪೈಥಾನ್ ಸ್ಕ್ರಿಪ್ಟಿನಿಂದ ಸ್ಟ್ಯಾಟಿಕ್ ಪುಟಗಳನ್ನು (ಮೊದಲೇ ಸಿದ್ಧವಾದ ಸಾದಾ ವೆಬ್ ಪುಟಗಳು) ಹುಟ್ಟಿಸಿ. ಉಚಿತ ಹೋಸ್ಟಿಂಗ್ ಸಾಕು, ಹ್ಯಾಕ್ ಮಾಡಲು ಲಾಗಿನ್ ಇರುವುದಿಲ್ಲ. ಪ್ರತಿ ಪುಟದಲ್ಲಿ ಒತ್ತಿದರೆ ಕರೆ ಹೋಗುವ ನಂಬರ್, ಪರಿಶೀಲಿಸಿದ ದಿನಾಂಕ, ಸರ್ಚ್ ಎಂಜಿನ್‌ಗಾಗಿ 'ಲೋಕಲ್‌ಬಿಸಿನೆಸ್' ಸ್ಕೀಮಾ (ಅಂಗಡಿಯ ವಿವರವನ್ನು ಯಂತ್ರಕ್ಕೆ ಓದಲು ಬರುವಂತೆ ಬರೆದ ಗುರುತು) ಇರಲಿ.

ಕನ್ನಡದಲ್ಲಿ ಹುಡುಕಾಟ ಕೈಕೊಡುವ ಜಾಗ ಒಂದಿದೆ. 'ಎಲೆಕ್ಟ್ರಿಕಲ್‌ವರ್ಕ್ಸ್' ಎಂಬಂಥ ಪದದ ನಡುವೆ ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರ (ZWNJ, ಎರಡು ಅಕ್ಷರ ಒತ್ತಕ್ಷರವಾಗಿ ಕೂಡದಂತೆ ತಡೆಯುವುದು) ಕೂತಿರುತ್ತದೆ. ಹುಡುಕುವವರು ಅದನ್ನು ಒತ್ತದಿದ್ದರೆ ಫಲಿತಾಂಶ ಸೊನ್ನೆ. ಹೋಲಿಸುವ ಮೊದಲು ಹುಡುಕುವ ಪದ, ಶೀಟಿನ ಪದ ಎರಡರಿಂದಲೂ ಅದನ್ನು ತೆಗೆದುಹಾಕಿ. ಜೊತೆಗೆ 'ಬೇರೆ ಹೆಸರುಗಳು' ಎಂಬ ಕಾಲಂ ಇಡಿ: ಪ್ಲಂಬರ್ ಎದುರು ನಲ್ಲಿ ರಿಪೇರಿ, ಪೈಪ್ ಕೆಲಸ.

ಹೊಸ ಸೇರ್ಪಡೆಯ ಫಾರ್ಮ್ ಪ್ರತ್ಯೇಕ ಶೀಟಿಗೆ ಹೋಗಲಿ. ಕರೆ ಮಾಡಿ ಖಚಿತಪಡಿಸದೆ ಯಾವುದನ್ನೂ ಪ್ರಕಟಿಸಬೇಡಿ.

ವಾರಕ್ಕೊಮ್ಮೆ ದಿನಾಂಕದ ಪ್ರಕಾರ ಶೀಟ್ ಜೋಡಿಸಿ, ಅತಿ ಹಳೆಯ ಇಪ್ಪತ್ತಕ್ಕೆ ಕರೆ ಮಾಡಿ. ಐನೂರು ನಮೂದಿದ್ದರೆ ಇಪ್ಪತ್ತೈದು ವಾರಕ್ಕೆ ಒಂದು ಸುತ್ತು. ಮುಚ್ಚಿದ ಅಂಗಡಿಯ ಪುಟ ಅಳಿಸಬೇಡಿ, 'ಮುಚ್ಚಿದೆ' ಎಂದು ಬರೆದು ಹತ್ತಿರದ ಅದೇ ವರ್ಗದ ಮೂರು ಹೆಸರು ಕೊಡಿ.