ಪ್ರೆಶರ್ ಇಲ್ಲದಿದ್ದರೂ 3.2 ಬಾರ್: ಚಾನೆಲ್ ಸೆಟ್ಟಿಂಗ್ ಸರಿ ಮಾಡಿದ್ದು ಹೀಗೆ

ಮುಧೋಳದ ಹತ್ತಿರದ ಒಂದು ಸಕ್ಕರೆ ಕಾರ್ಖಾನೆ. ಕಬ್ಬಿನ ಹಂಗಾಮಿಗೆ ಮುಂಚೆ ಎಂಟು ಚಾನೆಲ್‌ನ ಡೇಟಾ ಅಕ್ವಿಸಿಷನ್ ಮಾಡ್ಯೂಲ್ (ಸೆನ್ಸರ್‌ಗಳ ಸಿಗ್ನಲ್ ಓದಿ ಅಳತೆಯಾಗಿ ತೋರಿಸುವ ಪೆಟ್ಟಿಗೆ) ಕೂರಿಸಿದ್ದೆವು. ಮೂರನೇ ಚಾನೆಲ್‌ಗೆ ಸ್ಟೀಮ್ ಲೈನಿನ ಪ್ರೆಶರ್ ಟ್ರಾನ್ಸ್‌ಮಿಟರ್: 0ರಿಂದ 16 ಬಾರ್, ಎರಡು ವೈರ್, 4–20 ಮಿಲಿಆಂಪ್, ಅಂದರೆ ಸೊನ್ನೆ ಪ್ರೆಶರ್‌ಗೆ 4, ಪೂರ್ತಿ 16 ಬಾರ್‌ಗೆ 20 ಮಿಲಿಆಂಪ್ ಕರೆಂಟ್. ಲೈನ್ ಖಾಲಿ ಇದ್ದರೂ ಪರದೆಯಲ್ಲಿ 3.2 ಬಾರ್. ಗೇಜ್ 8 ಅಂದರೆ ಇಲ್ಲಿ 9.6.

ಕೇಬಲ್ ಬದಲಿಸಿದೆ. ಶೀಲ್ಡ್ ಒಂದೇ ಕಡೆ ಅರ್ಥ್ ಮಾಡಿದೆ. ಟ್ರಾನ್ಸ್‌ಮಿಟರನ್ನೂ ಸುಮ್ನೆ ಬದಲಿಸಿದೆ. ಆಫ್‌ಸೆಟ್ (ರೀಡಿಂಗ್‌ಗೆ ಕೂಡಿಸುವ ತಿದ್ದುಪಡಿ) ಮೈನಸ್ 3.2 ಕೊಟ್ಟರೆ ಸೊನ್ನೆ ಸರಿಹೋಯಿತು, ಆದರೆ 8ರ ಜಾಗದಲ್ಲಿ 6.4 ಬಂತು. ಈ ತೇಪೆ ಯಾರೂ ಹಾಕಬೇಡಿ.

ಕೊನೆಗೆ ಮಲ್ಟಿಮೀಟರನ್ನು ಲೂಪ್‌ನಲ್ಲಿ, ಅಂದರೆ ಟ್ರಾನ್ಸ್‌ಮಿಟರಿನ ಕರೆಂಟ್ ಹರಿಯುವ ಸರ್ಕ್ಯೂಟ್‌ನಲ್ಲಿ, ಸೀರೀಸ್ ಆಗಿ ಸೇರಿಸಿದೆ. ಸೊನ್ನೆ ಪ್ರೆಶರ್‌ಗೆ 4.01 ಮಿಲಿಆಂಪ್. ಸೆನ್ಸರ್ ಸರಿಯಾಗೇ ಇದೆ, ಅಲ್ವಾ? 20ರಲ್ಲಿ 4 ಅಂದರೆ ಐದನೇ ಒಂದು ಭಾಗ. 16ರ ಐದನೇ ಒಂದು ಭಾಗ 3.2. ಮಾಡ್ಯೂಲ್ 0–20 ಅಂತ ಲೆಕ್ಕ ಹಾಕುತ್ತಿತ್ತು.

ಮೊದಲು ಪವರ್ ಆಫ್ ಮಾಡಿ, ಮುಚ್ಚಳ ತೆಗೆದು, ಆ ಚಾನೆಲ್‌ನ ಜಂಪರ್ (ಇನ್‌ಪುಟ್ ವೋಲ್ಟೇಜೋ ಕರೆಂಟೋ ಅಂತ ಆರಿಸುವ ಚಿಕ್ಕ ಕ್ಲಿಪ್) ವೋಲ್ಟೇಜ್ ಕಡೆ ಇಲ್ಲ, ಕರೆಂಟ್ ಕಡೆಗೇ ಇದೆ ಅಂತ ನೋಡಿಕೊಂಡೆ. ಪವರ್ ಕೊಟ್ಟು ಹಳೇ ಆಫ್‌ಸೆಟ್ ಅಳಿಸಿದೆ. ಇದನ್ನು ಮರೆತರೆ ಮುಂದಿನದೆಲ್ಲ ತಪ್ಪು. ಆಮೇಲೆ ಇನ್‌ಪುಟ್ ಟೈಪ್ 4–20, ಲೋ 0, ಹೈ 16. ಸೇವ್ ಮಾಡಿ, ಮಾಡ್ಯೂಲ್‌ನ ಪವರ್ ಒಮ್ಮೆ ತೆಗೆದು ಹಾಕಿದೆ. ಹಾಗೆ ಮಾಡುವ ತನಕ ನಮ್ಮ ಮಾಡ್ಯೂಲ್ ಹಳೇ ರೇಂಜನ್ನೇ ಹಿಡಿದುಕೊಂಡಿತ್ತು. ಮೊದಲ ಸಲ ನಾನು ಎಡವಿದ್ದೇ ಇಲ್ಲಿ.

ಈಗ 4.01ಕ್ಕೆ 0.01 ಬಾರ್, 12ಕ್ಕೆ 8. ಮುಂಚೆ ವೈರ್ ಬಿಚ್ಚಿದರೂ 0 ತೋರಿಸುತ್ತಿತ್ತು. ಈಗ ಮೈನಸ್ 4 ಬರುತ್ತದೆ, ವೈರ್ ಕಿತ್ತದ್ದು ತಕ್ಷಣ ಗೊತ್ತಾಗುತ್ತದೆ.